ದೀಪ ಆರಿದ ಮೇಲೂ ಬೆಲ್ಟು ಬಿಚ್ಚಬೇಡಿ: ವಿಮಾನಯಾನ ಮಹಾನಿರ್ದೇಶಕರಿಗೂ ಪ್ರಯಾಣಿಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ನವದೆಹಲಿ.
ಕರ್ನಾಟಕದ ನಿಲ್ದಾಣಗಳಿಂದ ವಿಮಾನ ಹಾರಿಸುವ ಎಲ್ಲ ಕಂಪನಿಗಳ ಮುಖ್ಯಸ್ಥರು.
ಹಾಗೂ ಆ ವಿಮಾನಗಳಲ್ಲಿ ಕೂರುವ ನಮ್ಮ ಜನ.

ಮಾನ್ಯರೇ,

ಬೆಂಗಳೂರಿನಿಂದ ಹೊರಡುವ ಯಾವ ವಿಮಾನದಲ್ಲಾದರೂ ಇದನ್ನು ಕೇಳಬಹುದು. ವಿಮಾನ ಮೇಲೇರಿ ಕೆಲವು ನಿಮಿಷವಾದ ಮೇಲೆ 'ಟಿಂಗ್' ಎಂದು ಒಂದು ಸದ್ದಾಗಿ, ತಲೆಯ ಮೇಲಿನ ಬೆಲ್ಟಿನ ದೀಪ ಆರುತ್ತದೆ. ಅದರ ಹಿಂದೆಯೇ ಸಾಲುಸಾಲಾಗಿ ಬಕಲ್ ಬಿಚ್ಚುವ ಕಟಕಟ ಸದ್ದು. ಎದ್ದು ಹೋಗಬೇಕಾದವರು ನಾಲ್ಕೈದು ಜನ ಇರುತ್ತಾರೆ, ಬಿಚ್ಚುವವರು ಅದರ ಹತ್ತು ಪಟ್ಟು. ಬಿಚ್ಚಿದ ಬೆಲ್ಟಿನ ಒಂದು ತುದಿ ತೊಡೆಯ ಕೆಳಗೆ ಸೇರುತ್ತದೆ, ಇನ್ನೊಂದು ಎರಡು ಸೀಟಿನ ಸಂದಿಗೆ ಜಾರುತ್ತದೆ. ಮುಂದಿನ ಎರಡೂವರೆ ಗಂಟೆ ಅವರು ದೆಹಲಿಯವರೆಗೂ ಹಾಗೇ ಕೂತಿರುತ್ತಾರೆ.

ಆ ಎರಡೂವರೆ ಗಂಟೆಯ ಸಲುವಾಗಿ ಈ ಪತ್ರ ಬರೆಯುತ್ತಿದ್ದೇವೆ. ಸೀಟಿನಲ್ಲಿ ಕೂತಿರುವಷ್ಟು ಹೊತ್ತೂ, ದೀಪ ಉರಿಯುತ್ತಿರಲಿ ಆರಿರಲಿ, ಬೆಲ್ಟು ಸೊಂಟದ ಮೇಲೆ ಇರಬೇಕು. ಇದು ಇವತ್ತು ಘೋಷಣೆಯ ಬಾಲದಲ್ಲಿ ಬರುವ ಸಲಹೆ. ಆ ಹೊತ್ತಿಗೆ ಜನ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾರೆ. ಇದನ್ನು ನಿಯಮ ಮಾಡಿ. ಜನರಿಗೆ ತಿಳಿಯುವ ಭಾಷೆಯಲ್ಲಿ, ಯಾಕೆ ಎಂಬುದನ್ನೂ ಸೇರಿಸಿ ಹೇಳಿ.

2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸಿನ ಎಸ್‌ಕ್ಯೂ321 ವಿಮಾನ ಮ್ಯಾನ್ಮಾರಿನ ಮೇಲೆ 37,000 ಅಡಿ ಎತ್ತರದಲ್ಲಿತ್ತು. ಬೋಯಿಂಗ್ 777, ಒಳಗೆ 229 ಜನ. ಕೆಳಗೆ ಕಟ್ಟುತ್ತಿದ್ದ ಗುಡುಗು ಮೋಡಗಳ ವಲಯದ ಮೇಲೆ ಬಂದಾಗ ಮೊದಲು ಸಣ್ಣಗೆ ಕುಲುಕಿತು. ಪೈಲಟ್ ಬೆಲ್ಟಿನ ದೀಪ ಹಾಕಿದರು. ಅಲ್ಲಿಂದ ಎಂಟು ಸೆಕೆಂಡು. ಅಷ್ಟರಲ್ಲಿ ವಿಮಾನ ಕೆಳಕ್ಕೆ ಕುಸಿಯಿತು. ಸಿಂಗಪುರದ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯ ಪ್ರಕಾರ, ಒಳಗಿದ್ದವರ ಮೇಲಿನ ಗುರುತ್ವದ ಒತ್ತಡ 0.6 ಸೆಕೆಂಡಿನಲ್ಲಿ ಧನ 1.35 ಜಿಯಿಂದ ಋಣ 1.5 ಜಿಗೆ ತಿರುಗಿತು. (ನೆಲದ ಮೇಲೆ ನಮ್ಮ ಮಾಮೂಲಿ ತೂಕ 1 ಜಿ. ಋಣ ಎಂದರೆ ಅದೇ ಎಳೆತ ಮೇಲ್ಮುಖವಾಗಿ.) ಮುಂದಿನ ನಾಲ್ಕು ಸೆಕೆಂಡಿನೊಳಗೆ ಮತ್ತೆ ಧನ 1.5 ಜಿಗೆ ಬಂತು. ಈ ನಾಲ್ಕೂವರೆ ಸೆಕೆಂಡಿನಲ್ಲಿ ವಿಮಾನ ಇಳಿದದ್ದು ಬರೀ 178 ಅಡಿ. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಜನರಿಗೆ ಪೆಟ್ಟಾಯಿತು, ತಲೆಬುರುಡೆಗೆ ಬೆನ್ನುಹುರಿಗೆ ಏಟು ಬಿದ್ದವರನ್ನು ಬ್ಯಾಂಕಾಕಿನ ಆಸ್ಪತ್ರೆಗಳಿಗೆ ಸೇರಿಸಬೇಕಾಯಿತು.

ಎಂಟು ಸೆಕೆಂಡಿನಲ್ಲಿ ಏನು ಮಾಡಬಹುದು, ಲೆಕ್ಕ ಹಾಕಿ ನೋಡಿ. ದೀಪ ಕಣ್ಣಿಗೆ ಬೀಳಬೇಕು. ಕೈಯಲ್ಲಿದ್ದ ಫೋನೋ ಲೋಟವೋ ಪಕ್ಕಕ್ಕೆ ಹೋಗಬೇಕು. ತೊಡೆ ಎತ್ತಿ ಒಂದು ತುದಿ ಹುಡುಕಬೇಕು, ಸಂದಿಗೆ ಬೆರಳು ತೂರಿಸಿ ಇನ್ನೊಂದು ತುದಿ ಎಳೆಯಬೇಕು. ಅದು ಪಕ್ಕದವರ ತುದಿಯಲ್ಲ ಎಂದು ಖಾತ್ರಿಯಾಗಬೇಕು. ಸಿಕ್ಕಿಸಬೇಕು, ಬಿಗಿಯಬೇಕು. ನಿದ್ದೆಯಲ್ಲಿದ್ದವರಿಗೆ ಇದು ಸಾಧ್ಯವೇ ಇಲ್ಲ. ಮೊದಲೇ ಹಾಕಿಕೊಂಡಿದ್ದರೆ ಮಾಡುವುದು ಏನೂ ಇಲ್ಲ.

'ಏರ್ ಪಾಕೆಟ್‌ಗೆ ಬಿತ್ತು' ಎಂದು ನಾವೆಲ್ಲ ಹೇಳುತ್ತೇವೆ. ಗಾಳಿಯಿಲ್ಲದ ಗುಂಡಿ ಆಕಾಶದಲ್ಲಿ ಎಲ್ಲೂ ಇಲ್ಲ. ಮೇಲೇರುವ ಗಾಳಿಯ ಕಂಬದಿಂದ ವಿಮಾನ ಇಳಿಯುವ ಗಾಳಿಗೆ ಹಠಾತ್ತನೆ ದಾಟುತ್ತದೆ, ಇಲ್ಲವೇ ಬೇರೆ ಬೇರೆ ವೇಗದ ಎರಡು ಗಾಳಿಯ ಪದರಗಳ ನಡುವೆ ಸಿಕ್ಕುತ್ತದೆ. ಆಗ ರೆಕ್ಕೆಗಳು ಕೆಳಕ್ಕೆ ಹೋಗುತ್ತವೆ, ಅವುಗಳ ಜೊತೆ ನೆಲ, ಸೀಟು, ಚಾವಣಿ ಎಲ್ಲ ಕೆಳಕ್ಕೆ ಹೋಗುತ್ತವೆ. ಬೆಲ್ಟಿಲ್ಲದ ಮನುಷ್ಯ ಮಾತ್ರ ಇದ್ದಲ್ಲೇ ಉಳಿಯುತ್ತಾನೆ. ಅವನು ಹಾರಿ ಚಾವಣಿಗೆ ಬಡಿದ ಎಂದು ನೋಡಿದವರಿಗೆ ಅನ್ನಿಸುತ್ತದೆ, ನಿಜದಲ್ಲಿ ಚಾವಣಿಯೇ ಇಳಿದು ಬಂದು ಅವನ ತಲೆಗೆ ಬಡಿದಿರುತ್ತದೆ. ಕೈಯಲ್ಲಿ ಹ್ಯಾಂಡಲ್ ಹಿಡಿದು ತಡೆಯುತ್ತೇನೆ ಎನ್ನುವವರು ಈ ಲೆಕ್ಕ ನೋಡಬೇಕು: ಋಣ 1.5 ಜಿಯಲ್ಲಿ 70 ಕಿಲೋ ತೂಕದವರನ್ನು 105 ಕಿಲೋದಷ್ಟು ಬಲ ಮೇಲಕ್ಕೆ ಎಳೆಯುತ್ತದೆ. ಕೂತವರ ನೆತ್ತಿಗೂ ಮೇಲಿನ ಲಗೇಜ್ ಬಿನ್ನಿಗೂ 60 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. ಅಷ್ಟು ಎಳೆತದಲ್ಲಿ ಅದನ್ನು ದಾಟಲು ಬೇಕಾದದ್ದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಬಡಿಯುವ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಸೈಕಲ್ಲಿನ ವೇಗ ಅಷ್ಟೇ ಅನ್ನಬೇಡಿ. ಆ ವೇಗದಲ್ಲಿ ನಡುನೆತ್ತಿ ದಾರಂದಕ್ಕೆ ಗುದ್ದಿದರೆ ದೇಹದ ಅಷ್ಟೂ ಭಾರ ಕುತ್ತಿಗೆಯ ಮೇಲೆ ಬೀಳುತ್ತದೆ. ಆಮೇಲೆ ವಿಮಾನ ಮತ್ತೆ ಮೇಲಕ್ಕೆ ಎದ್ದಾಗ ಆ ಮನುಷ್ಯ ಕೆಳಗೆ ಬೀಳುತ್ತಾನೆ, ಸೀಟಿನ ತೋಳಿನ ಮೇಲೆ ಅಥವಾ ಬೆಲ್ಟು ಹಾಕಿಕೊಂಡು ಕೂತಿದ್ದ ಪಕ್ಕದವರ ಮೇಲೆ. ಹಾಗಾಗಿ 'ನನ್ನ ಜೀವ, ನನ್ನಿಷ್ಟ' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಪೈಲಟ್ ಮೊದಲೇ ಹೇಳಲಿಕ್ಕಾಗುವುದಿಲ್ಲವೇ ಎಂದು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಿಮಾನದ ಮೂತಿಯಲ್ಲಿರುವ ಹವಾಮಾನ ರಾಡಾರ್ ನೀರಿನ ಹನಿಗಳಿಂದ ಮರಳುವ ಅಲೆಯನ್ನು ನೋಡುತ್ತದೆ. ಮೇ ತಿಂಗಳ ಸಂಜೆ ನಮ್ಮ ದಕ್ಷಿಣ ಒಳನಾಡಿನ ಮೇಲೆ ಕಟ್ಟುವ ಭರಣಿ, ಕೃತ್ತಿಕೆ ಮಳೆಯ ಮೋಡ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬಲವಾದ ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ದೂರ ಉಳಿಯುವುದು ಪೈಲಟ್‌ಗಳು ಪಾಲಿಸುವ ಲೆಕ್ಕ. ಆದರೆ ಮೋಡವೇ ಇಲ್ಲದ ತಿಳಿಯಾಕಾಶದ ಟರ್ಬ್ಯುಲೆನ್ಸ್ (ಗಾಳಿಯ ಕುಲುಕಾಟ) ರಾಡಾರಿಗೆ ಕಾಣುವುದಿಲ್ಲ, ಹನಿಯೇ ಇಲ್ಲದ ಮೇಲೆ ಕಾಣುವುದಾದರೂ ಹೇಗೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಲು ಎತ್ತರದಲ್ಲಿ ಪಶ್ಚಿಮದಿಂದ ರಭಸವಾಗಿ ಬೀಸುವ ಗಾಳಿ, ಅಂದರೆ ಜೆಟ್ ಪ್ರವಾಹದ ಅಂಚಿನಲ್ಲಿ ಇಂಥದ್ದು ಎದುರಾಗುತ್ತದೆ. ಬೆಂಗಳೂರು–ದೆಹಲಿ ದಾರಿಯ ಕೊನೆಯ ಭಾಗ ಅದರ ಸೀಮೆಗೇ ಬರುತ್ತದೆ. ಇದು ಹೆಚ್ಚುತ್ತಲೂ ಇದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಅಟ್ಲಾಂಟಿಕ್ ದಾರಿಯ ಒಂದು ಸಾಮಾನ್ಯ ಬಿಂದುವಿನ ಮೇಲೆ ತೀವ್ರ ತಿಳಿಯಾಕಾಶದ ಟರ್ಬ್ಯುಲೆನ್ಸ್ 1979ರಲ್ಲಿ ವರ್ಷಕ್ಕೆ 17.7 ಗಂಟೆ ಇದ್ದದ್ದು 2020ಕ್ಕೆ 27.4 ಗಂಟೆಯಾಗಿದೆ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ: 'ವಿಮಾನವೇ ಬಿದ್ದ ಮೇಲೆ ಬೆಲ್ಟು ಹಾಕಿದರೇನು, ಬಿಟ್ಟರೇನು?' 2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ವಿಮಾನದೊಳಗಿದ್ದ 242 ಜನರಲ್ಲಿ ಒಬ್ಬರೇ ಉಳಿದ ಮೇಲೆ ಈ ಮಾತು ಇನ್ನೂ ಗಟ್ಟಿಯಾಗಿದೆ. ಅಂಥ ಅಪಘಾತದ ಮುಂದೆ ಬೆಲ್ಟಿನ ಶಕ್ತಿ ಸಣ್ಣದು, ಅದನ್ನು ಒಪ್ಪಬೇಕು. ಆದರೆ ವಿಮಾನ ಅಪಘಾತ ಎಂದರೆಲ್ಲ ಅಂಥದ್ದೇ ಅಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1983ರಿಂದ 2000ದವರೆಗೆ ಅಲ್ಲಿನ ವಿಮಾನ ಕಂಪನಿಗಳ 568 ಅಪಘಾತಗಳನ್ನು ಒಟ್ಟಿಗೆ ನೋಡಿತು. ಅವುಗಳಲ್ಲಿದ್ದವರು 53,487 ಜನ, ಬದುಕುಳಿದವರು 51,207. ಬೆಂಕಿ, ಗಂಭೀರ ಗಾಯ, ವಿಮಾನಕ್ಕೆ ಭಾರಿ ಹಾನಿ ಮೂರೂ ಇದ್ದ ಅತಿ ಕೆಟ್ಟ ಅಪಘಾತಗಳನ್ನಷ್ಟೇ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಜನ ಉಳಿದಿದ್ದರು. ನಮ್ಮ ಪಕ್ಕದ ಕೋಯಿಕ್ಕೋಡಿನಲ್ಲಿ 2020ರ ಆಗಸ್ಟ್ 7ರ ಮಳೆಯ ರಾತ್ರಿ ವಿಮಾನ ರನ್‌ವೇ ದಾಟಿ ಸುಮಾರು 110 ಅಡಿ ಕೆಳಕ್ಕೆ ಉರುಳಿ ತುಂಡಾಯಿತು. ಒಳಗಿದ್ದ 190 ಜನರಲ್ಲಿ 21 ಜನ ತೀರಿಕೊಂಡರು. 169 ಜನ ಉಳಿದರು.

ಉಳಿಯುವುದು ಎಂದರೆ ಎರಡು ಹಂತ. ಮೊದಲು ಪೆಟ್ಟನ್ನು ತಡೆದು ಪ್ರಜ್ಞೆಯಲ್ಲಿರಬೇಕು, ಕಾಲು ನಡೆಯುವಂತಿರಬೇಕು. ಆಮೇಲೆ ಬೆಂಕಿ, ಹೊಗೆ ತುಂಬುವ ಮುನ್ನ ಹೊರಬರಬೇಕು. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ಬಹುಪಾಲು ಸಾವಿಗೆ ಕಾರಣವಾದದ್ದು ಬೆಂಕಿ. ಇಂಥ ಹೊತ್ತಿನಲ್ಲಿ ತಲೆಗೆ ಪೆಟ್ಟಾಗಿ ಮಂಕು ಕವಿದವರಿಗೆ, ಕಾಲು ಮುರಿದವರಿಗೆ ಬಾಗಿಲು ಹತ್ತೇ ಹೆಜ್ಜೆ ದೂರವಿದ್ದರೂ ಅದು ದೂರವೇ. ಬೆಲ್ಟು ಮೊದಲ ಹಂತವನ್ನು ದಾಟಿಸುತ್ತದೆ.

ಇಂದಿನ ವಿಮಾನದ ಸೀಟನ್ನು '16 ಜಿ ಸೀಟು' ಎನ್ನುತ್ತಾರೆ. 1988ರಲ್ಲಿ ಅಮೆರಿಕ ತಂದ ನಿಯಮ ಇದರ ಮೂಲ. 77 ಕಿಲೋ ತೂಕದ ಬೊಂಬೆಯನ್ನು ಕೂರಿಸಿ, ಸೀಟನ್ನು ಹಳಿಯ ಮೇಲೆ ಓಡಿಸಿ, ಮುಂದಕ್ಕೆ 16 ಜಿ, ಕೆಳಮುಖವಾಗಿ 14 ಜಿ ಹೊಡೆತ ಕೊಟ್ಟು ಪರೀಕ್ಷಿಸುತ್ತಾರೆ. ತಲೆಗೆ ಎಷ್ಟು ಪೆಟ್ಟು, ಬೆನ್ನುಮೂಳೆಗೆ ಎಷ್ಟು, ತೊಡೆಮೂಳೆಗೆ ಎಷ್ಟು ಎಂದು ಅಳೆಯುತ್ತಾರೆ. ಹೊಡೆತದ ಉದ್ದಕ್ಕೂ ಬೆಲ್ಟು ಬೊಂಬೆಯ ಸೊಂಟದ ಮೂಳೆಯ ಮೇಲೇ ಇರಬೇಕೆಂಬುದು ಪಾಸಾಗುವ ಶರತ್ತುಗಳಲ್ಲಿ ಒಂದು. ಬೆಲ್ಟು ಬಿಚ್ಚಿ ಕೂತವರಿಗೆ ಈ ಪರೀಕ್ಷೆಯ ಫಲ ಯಾವುದೂ ಸಿಗುವುದಿಲ್ಲ.

ಹಾಕಿಕೊಳ್ಳುವ ಬಗೆ ಗೊತ್ತಿದೆ ಎಂದು ಎಲ್ಲರೂ ಅಂದುಕೊಂಡಿರುತ್ತೇವೆ. ಆದರೂ ಹತ್ತಿರದಿಂದ ಒಮ್ಮೆ ನೋಡೋಣ. ಕೂರುವ ಮುನ್ನ ಎರಡೂ ತುದಿಗಳನ್ನು ಸೀಟಿನ ಮೇಲೆ ಎಳೆದಿಟ್ಟುಕೊಳ್ಳಿ. ಮೂರು ಸೀಟಿನ ಸಾಲಿನಲ್ಲಿ ನಡುವಿನವರು ಪಕ್ಕದವರ ತುದಿ ಸಿಕ್ಕಿಸಿಕೊಳ್ಳುವುದು ತೀರಾ ಸಾಮಾನ್ಯ. ಬೆಲ್ಟು ಓರೆಯಾಗಿ ಬಂತು ಎಂದರೆ ಅದೇ ಆಗಿದೆ. ಪಟ್ಟಿ ತಿರುಚಿರಬಾರದು, ತಿರುಚಿದರೆ ಎರಡಂಗುಲದ ಪಟ್ಟಿ ಹಗ್ಗದ ಹಾಗೆ ಒಂದೇ ಕಡೆ ಕುಯ್ಯುತ್ತದೆ. ಲೋಹದ ನಾಲಗೆಯನ್ನು ಬಕಲಿನೊಳಗೆ ತಳ್ಳಿ, ಕ್ಲಿಕ್ ಎಂದ ಮೇಲೆ ಒಮ್ಮೆ ಜಗ್ಗಿ ನೋಡಿ. ಬಕಲಿನ ಮುಚ್ಚಳ ಪೂರ್ತಿ ಮಲಗದೆ ಎದ್ದೇ ನಿಂತಿದ್ದರೆ, ಪಟ್ಟಿಯ ಅಂಚು ಜುಂಜು ಬಿಟ್ಟಿದ್ದರೆ, ಸಿಕ್ಕಿಸಿದ ಮೇಲೆ ತಾನಾಗಿ ಸಡಿಲವಾಗುತ್ತಿದ್ದರೆ, ವಿಮಾನ ಹೊರಡುವ ಮುನ್ನವೇ ಸಿಬ್ಬಂದಿಗೆ ಹೇಳಿ. ಅದನ್ನು ಬದಲಿಸುವುದು ಎಂಜಿನಿಯರಿಗೆ ಕೆಲವೇ ನಿಮಿಷದ ಕೆಲಸ.

ಬಿಗಿಯುವ ಜಾಗ ಮುಖ್ಯ. ಹೊಟ್ಟೆಯ ಮೇಲಲ್ಲ, ಅದರ ಕೆಳಗೆ, ತೊಡೆ ಸೇರುವಲ್ಲಿ ಕೈಗೆ ಗಟ್ಟಿಯಾಗಿ ತಾಕುವ ಸೊಂಟದ ಮೂಳೆಯ ಮೇಲೆ. ಮೂಳೆ ಆ ಭಾರ ಹೊರುತ್ತದೆ. ಕರುಳು, ಗುಲ್ಮ, ಪಿತ್ತಜನಕಾಂಗ ಹೊರುವುದಿಲ್ಲ. ಬೆಲ್ಟು ಹೊಟ್ಟೆಯ ಮೇಲಿದ್ದರೆ ಹೊರಗೆ ಗಾಯವೇ ಕಾಣದೆ ಒಳಗೆ ರಕ್ತಸ್ರಾವವಾಗಬಹುದು. ಬಸುರಿಯರು ಹೊಟ್ಟೆಯ ಕೆಳಗಿಂದಲೇ ಹಾಕಿಕೊಳ್ಳಬೇಕು. ಸೀಟಿನಲ್ಲಿ ಜಾರಿ ಅರ್ಧ ಮಲಗಿದರೆ ಹೊಡೆತದ ಹೊತ್ತಿಗೆ ದೇಹ ಬೆಲ್ಟಿನಡಿಯಿಂದ ನುಸುಳಿ ಮುಂದೆ ಹೋಗುತ್ತದೆ. ಟೇಕಾಫ್, ಲ್ಯಾಂಡಿಂಗಿನಲ್ಲಿ ಸೀಟನ್ನು ನೆಟ್ಟಗೆ ಮಾಡಿಸುವುದಕ್ಕೆ ಇದೂ ಒಂದು ಕಾರಣ. ಸೊಂಟದ ಬ್ಯಾಗು, ದಪ್ಪ ಜಾಕೆಟ್ಟು, ಜೇಬಿನ ಬೀಗದ ಕೈ ಗೊಂಚಲು ಬೆಲ್ಟಿನ ಅಡಿಯಲ್ಲಿ ಬೇಡ. ಸೀರೆ ಉಟ್ಟವರು ಎದ್ದುಬಂದ ನೆರಿಗೆಯನ್ನು ಕೆಳಕ್ಕೆ ಸರಿಮಾಡಿಕೊಂಡು ಬಿಗಿಯಬೇಕು. ಹಾರಾಟದ ನಡುವೆ ಆರಾಮಕ್ಕೆಂದು ಒಂದಿಷ್ಟು ಸಡಿಲಿಸಬಹುದು, ಬೆಲ್ಟು ಇದ್ದೂ ಇಲ್ಲದಷ್ಟು ಬೇಡ. ಒಂದು ಗೇಣು ಸಡಿಲವಿದ್ದರೆ ದೇಹ ಒಂದು ಗೇಣು ಎದ್ದು, ವೇಗ ಕೂಡಿಕೊಂಡು ಆಮೇಲೆ ಜಗ್ಗಿ ನಿಲ್ಲುತ್ತದೆ. ಮಲಗುವವರು ಕಂಬಳಿಯ ಮೇಲೆ ಬೆಲ್ಟು ಹಾಕಿ. ದೀಪ ಹತ್ತಿದಾಗ ಸಿಬ್ಬಂದಿಗೆ ಅದು ಕಂಡರೆ ನಿಮ್ಮನ್ನು ಎಬ್ಬಿಸುವುದಿಲ್ಲ.

ಬೆಲ್ಟು ಸಾಲದೆ ಬಂದವರು ಎಕ್ಸ್‌ಟೆನ್ಷನ್ ಕೇಳಲು ಸಂಕೋಚಪಡಬೇಡಿ. ಅದು ವಿಮಾನದಲ್ಲೇ ಇರುತ್ತದೆ, ಮೆಲ್ಲಗೆ ಕೇಳಿದರೆ ಮೆಲ್ಲಗೆ ತಂದುಕೊಡುತ್ತಾರೆ. ಆನ್‌ಲೈನಿನಲ್ಲಿ ಕೊಂಡದ್ದನ್ನು ಮಾತ್ರ ತರಬೇಡಿ. ಬಕಲುಗಳ ತಯಾರಿಕೆ ಬೇರೆ ಬೇರೆ, ಕ್ಲಿಕ್ ಎಂದರೂ ಹಿಡಿದಿರುತ್ತದೆ ಎಂದು ಹೇಳಲಾಗದು.

ಇನ್ನು ಬಿಚ್ಚುವುದು. ಕಾರಿನ ಬೆಲ್ಟಿಗೆ ಸೊಂಟದ ಪಕ್ಕದಲ್ಲಿ ಒತ್ತುವ ಗುಂಡಿ. ವಿಮಾನದ್ದಕ್ಕೆ ಹೊಟ್ಟೆಯ ಮುಂದೆ ಎತ್ತುವ ಮುಚ್ಚಳ. ಗಾಬರಿಯಲ್ಲಿ, ಹೊಗೆಯಲ್ಲಿ, ಕತ್ತಲಲ್ಲಿ ಕೈ ಹೋಗುವುದು ದಿನನಿತ್ಯದ ರೂಢಿಯ ಕಡೆಗೆ. ಹೆಬ್ಬೆರಳು ಇಲ್ಲದ ಗುಂಡಿಯನ್ನು ಹುಡುಕುತ್ತದೆ. ವಿಮಾನ ಹೊರಡುವ ಮುನ್ನ ಕಣ್ಣು ಮುಚ್ಚಿ ಎರಡು ಸಲ ಮುಚ್ಚಳ ಎತ್ತಿ ಬಿಚ್ಚಿ, ಮತ್ತೆ ಹಾಕಿ. ನಿಮ್ಮ ಸೀಟಿನಿಂದ ಮುಂದಿನ, ಹಿಂದಿನ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ. ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನ ಸತ್ತ ಅಪಘಾತದಲ್ಲಿ ಉಳಿದದ್ದು ಎಂಟೇ ಜನ, ಒಡೆದ ವಿಮಾನದ ಬಿರುಕುಗಳಿಂದ ಹೊರಬಂದವರು. ಅಂಥ ಕಡೆ ಸಿಗುವ ಸಮಯ ಸೆಕೆಂಡುಗಳ ಲೆಕ್ಕದ್ದು. ಸಿಬ್ಬಂದಿ 'ಬ್ರೇಸ್' (ಪೆಟ್ಟಿಗೆ ಸಿದ್ಧರಾಗಿ) ಎಂದು ಕೂಗಿದಾಗ ಬೆಲ್ಟು ಇನ್ನೂ ಬಿಗಿದು, ಮುಂದಕ್ಕೆ ಬಾಗಿ, ಮುಂದಿನ ಸೀಟಿಗೆ ತಲೆ ಆನಿಸಿ, ಅಂಗೈಗಳನ್ನು ಒಂದರ ಮೇಲೊಂದು ತಲೆಯ ಮೇಲಿಟ್ಟು, ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದು ನೆಲಕ್ಕೆ ಊರಿ. ಬೆರಳುಗಳನ್ನು ಹೆಣೆಯಬೇಡಿ. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್‌ನಲ್ಲಿ 47 ಜನ ಸತ್ತ ಅಪಘಾತದಲ್ಲಿ ಉಳಿದವರ ಕಾಲಿನ ಗಾಯಗಳನ್ನು ವೈದ್ಯರು ಅಭ್ಯಾಸ ಮಾಡಿದ ಮೇಲೆ ಪಾದ ಹಿಂದಕ್ಕಿಡುವ ಈ ಭಂಗಿ ಗಟ್ಟಿಯಾಯಿತು.

ವಿಮಾನದ ಒಡಲಿಗೇ ತೂತು ಬಿದ್ದಾಗ ಬೆಲ್ಟು ಮಾಡುವ ಕೆಲಸ ಇನ್ನೊಂದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಕಂಪನಿಯ ಬೋಯಿಂಗ್ 737ರ ಮುಂಭಾಗದ ಚಾವಣಿ, ಸುಮಾರು 18 ಅಡಿ ಉದ್ದ, 24,000 ಅಡಿ ಎತ್ತರದಲ್ಲಿ ಕಿತ್ತು ಹೋಯಿತು. ದೀಪ ಇನ್ನೂ ಆರಿರಲಿಲ್ಲ, ಪ್ರಯಾಣಿಕರೆಲ್ಲ ಬೆಲ್ಟಿನಲ್ಲಿದ್ದರು. ತೆರೆದ ಆಕಾಶದ ಕೆಳಗೆ ಕೂತೇ ಅವರೆಲ್ಲ ಜೀವಂತ ನೆಲ ಮುಟ್ಟಿದರು. ಸತ್ತವರು ಒಬ್ಬರೇ, ನಿಂತು ಕೆಲಸ ಮಾಡುತ್ತಿದ್ದ ಗಗನಸಖಿ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲೆಂಡಿನಿಂದ ಏರಿದ 737 ಮ್ಯಾಕ್ಸ್ 9ರ ಗೋಡೆಯಲ್ಲಿ ಬಳಸದ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಹಾರಿಹೋದಾಗಲೂ ಬೆಲ್ಟಿನ ದೀಪ ಉರಿಯುತ್ತಿತ್ತು, ಫಲಕದ ಪಕ್ಕದ ಸೀಟು ಅದೃಷ್ಟಕ್ಕೆ ಖಾಲಿಯಿತ್ತು. ಹತ್ತಿರ ಕೂತಿದ್ದ ಹುಡುಗನ ಅಂಗಿಯನ್ನೇ ಗಾಳಿ ಕಿತ್ತುಕೊಂಡು ಹೋಯಿತು. ಬೆಲ್ಟು ಹುಡುಗನನ್ನು ಬಿಡಲಿಲ್ಲ.

ಮಾನ್ಯ ಮಹಾನಿರ್ದೇಶಕರೇ, ಕಂಕುಳ ಕೂಸುಗಳ ವಿಷಯ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಎರಡು ವರ್ಷದೊಳಗಿನ ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿ, ತಾಯಿಯ ಬೆಲ್ಟಿಗೆ ಪೋಣಿಸಿದ ಸಣ್ಣ ಲೂಪ್ ಬೆಲ್ಟು ಹಾಕುತ್ತಾರೆ. ಟರ್ಬ್ಯುಲೆನ್ಸಿನಲ್ಲಿ ಮಗು ಮೇಲೆ ಹಾರದಂತೆ ಅದು ತಡೆಯುತ್ತದೆ, ಆದ್ದರಿಂದ ಕೊಟ್ಟಾಗ ಹಾಕಿಸಿಕೊಳ್ಳಲೇಬೇಕು. ಆದರೆ ನೆಲಕ್ಕೆ ಬಡಿದಾಗ ತಾಯಿಯ ದೇಹ ಮಡಿಚಿಕೊಂಡು ಮಗುವಿನ ಮೇಲೆಯೇ ಬರುತ್ತದೆ, ಲೂಪಿನ ಪಟ್ಟಿ ಮಗುವಿನ ಮೆತ್ತನೆಯ ಹೊಟ್ಟೆಗೆ ಕಚ್ಚುತ್ತದೆ. ಅಮೆರಿಕದಲ್ಲಿ ಟೇಕಾಫ್, ಲ್ಯಾಂಡಿಂಗಿನಲ್ಲಿ ಈ ಲೂಪಿಗೆ ಅನುಮತಿಯಿಲ್ಲ, ಯುರೋಪಿನಲ್ಲಿ ಅದೋ ಬೇರೊಂದು ಮಕ್ಕಳ ಬೆಲ್ಟೋ ಇರಲೇಬೇಕು. ಎರಡು ಕಡೆಯೂ ತೃಪ್ತಿಕರ ಉತ್ತರ ಸಿಕ್ಕಿಲ್ಲ ಎಂಬುದಕ್ಕೆ ಇದೇ ಗುರುತು. ತೋಳಿನಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುವ ತಾಯಂದಿರಿಗೆ ಲೆಕ್ಕ ತಿಳಿಯಬೇಕು: 8 ಕಿಲೋ ತೂಕದ ಮಗು 9 ಜಿ ಹೊಡೆತದಲ್ಲಿ 72 ಕಿಲೋದಷ್ಟು ಬಲದಿಂದ ತೋಳಿನಿಂದ ಕಿತ್ತುಕೊಳ್ಳುತ್ತದೆ. ಎಷ್ಟು ಪ್ರೀತಿಯ ತೋಳಾದರೂ ಅದನ್ನು ತಡೆಯಲಾರದು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಡಿಸಿ–10ರಲ್ಲಿ ಮಡಿಲ ಮಕ್ಕಳು ನಾಲ್ವರಿದ್ದರು. ಅಂದಿನ ಪದ್ಧತಿಯಂತೆ ಅವರನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಲು ಹೇಳಲಾಯಿತು. ಅವರಲ್ಲಿ ಒಂದು ಮಗು ತೀರಿಕೊಂಡಿತು.

ಸರಿಯಾದ ಉಪಾಯ ಮಗುವಿಗೆ ಅದರದೇ ಸೀಟು, ಆ ಸೀಟಿನಲ್ಲಿ ವಿಮಾನಕ್ಕೆ ಒಪ್ಪಿತವಾದ ಮಕ್ಕಳ ಸೀಟು. 10ರಿಂದ 20 ಕಿಲೋ ತೂಕದ ಮಕ್ಕಳಿಗೆ ಸೀಟಿನ ಬೆನ್ನಿಗೆ ಸುತ್ತಿ ಹಾಕುವ 'ಕೇರ್ಸ್' ಎಂಬ ಭುಜಪಟ್ಟಿ 2006ರಿಂದಲೇ ಇದೆ. ಮಗುವಿನ ಸೀಟಿಗೆ ಕಡಿಮೆ ದರ ಇಡಿಸಿ. ಯಾವ ಮಕ್ಕಳ ಸೀಟನ್ನು ಒಪ್ಪುತ್ತೇವೆ, ಅದರ ಅಗಲ ಎಷ್ಟಿರಬೇಕು ಎಂಬುದನ್ನು ಟಿಕೆಟ್ ಕೊಳ್ಳುವ ಪುಟದಲ್ಲೇ ತೋರಿಸುವಂತೆ ಕಂಪನಿಗಳಿಗೆ ಹೇಳಿ. 12 ವರ್ಷದವರೆಗಿನ ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕೆಂದು 2024ರ ಏಪ್ರಿಲಿನಲ್ಲಿ ನೀವೇ ಕಂಪನಿಗಳಿಗೆ ಸೂಚಿಸಿದಿರಿ. ಅದರ ಮುಂದಿನ ಹೆಜ್ಜೆ ಇದು.

ಗಗನಸಖಿಯರ ಮಾತಿಗೆ ಬರುತ್ತೇವೆ. ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕದಲ್ಲಿ 2009ರಿಂದ 2022ರವರೆಗೆ ಟರ್ಬ್ಯುಲೆನ್ಸಿನಿಂದ ಗಂಭೀರ ಗಾಯವಾದವರು 163 ಜನ. ಅವರಲ್ಲಿ 129 ಜನ ವಿಮಾನ ಸಿಬ್ಬಂದಿ. ಅವರ ಸೀಟಿನ ಬೆಲ್ಟು ಭುಜಪಟ್ಟಿ ಸಮೇತ ನಮ್ಮದಕ್ಕಿಂತ ಗಟ್ಟಿ, ಆದರೆ ಕೂರಲು ಬಿಟ್ಟರೆ ತಾನೆ. ತುಂಬಿದ ಟ್ರಾಲಿ ನೂರು ಕಿಲೋ ಹತ್ತಿರ ತೂಗಬಹುದು, ಅದು ಎದ್ದು ಬಿದ್ದರೆ ಯಾರ ಕಾಲ ಮೇಲೆ ಎಂದು ಹೇಳಬೇಕಿಲ್ಲ. ಒಂದೂಕಾಲು ಗಂಟೆಯ ಬೆಂಗಳೂರು–ಹೈದರಾಬಾದ್ ಹಾರಾಟದಲ್ಲಿ ಊಟ ಮಾರಬೇಕು, ಕಸ ಎತ್ತಬೇಕು, ಬೆಲ್ಟು ನೋಡಬೇಕು. ಕುಲುಕುತ್ತಿದ್ದರೂ ಅವರು ಓಡಾಡುತ್ತಲೇ ಇರುತ್ತಾರೆ. ಎಸ್‌ಕ್ಯೂ321ರ ನಂತರ ಸಿಂಗಪುರ ಏರ್‌ಲೈನ್ಸ್ ಬೆಲ್ಟಿನ ದೀಪ ಉರಿಯುವಾಗ ಊಟ ಬಡಿಸುವುದನ್ನೂ ನಿಲ್ಲಿಸಿತು. ಕೊರಿಯನ್ ಏರ್ ಇಳಿಯುವುದಕ್ಕೆ 40 ನಿಮಿಷ ಮೊದಲೇ ಸೇವೆ ಮುಗಿಸುವ ಪದ್ಧತಿ ತಂದಿತು, ಎಕಾನಮಿಯಲ್ಲಿ ಬಿಸಿನೀರಿನ ಕಪ್ ನೂಡಲ್ಸನ್ನೇ ಕೈಬಿಟ್ಟಿತು. ನಮ್ಮಲ್ಲೂ ದೀಪ ಹತ್ತಿದ ಕೂಡಲೇ ಬಿಸಿ ಚಹಾ, ಕಾಫಿ, ನೂಡಲ್ಸ್ ನಿಲ್ಲಬೇಕು. ಪೈಲಟ್ 'ಕೂತುಕೊಳ್ಳಿ' ಎಂದರೆ ಸಿಬ್ಬಂದಿ ಟ್ರಾಲಿಯ ಬ್ರೇಕ್ ಒತ್ತಿ, ಹತ್ತಿರ ಯಾವ ಸೀಟು ಖಾಲಿಯಿದೆಯೋ ಅಲ್ಲೇ ಕೂತು ಬೆಲ್ಟು ಹಾಕಿಕೊಳ್ಳಬೇಕು. ಮಾರಾಟ ಕಡಿಮೆಯಾಯಿತೆಂದು ಯಾರೂ ಅವರನ್ನು ಕೇಳಬಾರದು.

ಪೈಲಟ್‌ಗಳಿಗೂ ಒಂದು ಬಿನ್ನಹವಿದೆ. ಆಕಾಶ ನಿಶ್ಚಲವಾಗಿದ್ದರೂ ಮುಕ್ಕಾಲು ಗಂಟೆ ದೀಪ ಉರಿಯುತ್ತಲೇ ಇದ್ದರೆ ಅದು 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕತೆಯಾಗುತ್ತದೆ. ಜನ ಮೂತ್ರಕ್ಕೆ ಎದ್ದೇ ಏಳುತ್ತಾರೆ, ಏನೂ ಆಗಲಿಲ್ಲ ಎಂದು ಕಂಡ ಮೇಲೆ ದೀಪಕ್ಕೆ ಬೆಲೆ ಉಳಿಯುವುದಿಲ್ಲ. ಕೂತವರೆಲ್ಲ ಯಾವಾಗಲೂ ಬೆಲ್ಟಿನಲ್ಲಿರುವುದು ನಿಯಮವಾದರೆ ದೀಪಕ್ಕೆ ಒಂದೇ ಅರ್ಥ ಉಳಿಯುತ್ತದೆ: ಈಗ ಯಾರೂ ಏಳಬೇಡಿ. ಆಗ ಅದನ್ನು ನಿಜವಾಗಿ ಬೇಕಾದಾಗ ಹಾಕಿ, ಮುಗಿದ ಕೂಡಲೇ ಆರಿಸಬಹುದು. ವಿಮಾನಗಳು ತಮ್ಮ ದಾರಿಯ ಟರ್ಬ್ಯುಲೆನ್ಸನ್ನು ತಾವೇ ಅಳೆದು ಹಿಂದೆ ಬರುವ ವಿಮಾನಗಳಿಗೆ ತಿಳಿಸುವ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ ನಡೆಸುತ್ತಿದೆ. ನಮ್ಮ ಎಲ್ಲ ಕಂಪನಿಗಳೂ ಅದಕ್ಕೆ ಸೇರುವಂತೆ ನೋಡಿಕೊಳ್ಳಿ. ಟರ್ಬ್ಯುಲೆನ್ಸಿನಲ್ಲಿ ಗಾಯಗೊಂಡವರ ವಾರ್ಷಿಕ ಲೆಕ್ಕವನ್ನು, ಗಾಯಾಳು ಬೆಲ್ಟು ಹಾಕಿದ್ದರೇ ಇಲ್ಲವೇ ಎಂಬ ಕಾಲಂ ಸಮೇತ, ಜನರ ಮುಂದಿಡಿ.

ಭಾಷೆಯ ಮಾತನ್ನು ನಾವು ಅಭಿಮಾನಕ್ಕಾಗಿ ಎತ್ತುತ್ತಿಲ್ಲ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ನಿಲ್ದಾಣಗಳಿಂದ ಮೊದಲ ಸಲ ವಿಮಾನ ಹತ್ತುವವರು ಸಾಕಷ್ಟು ಜನ ಇದ್ದಾರೆ. ಮಗನ ಮನೆಗೆ ಹೊರಟ ಅಜ್ಜಿ, ಆಸ್ಪತ್ರೆಗೆ ಹೊರಟ ರೈತರು, ದುಬೈಗೆ ಕೂಲಿಗೆ ಹೊರಟ ಹುಡುಗರು. ಬಕಲಿನ ಮುಚ್ಚಳ ಎತ್ತಬೇಕು ಎಂಬ ಒಂದೇ ವಾಕ್ಯ ಅವರ ಕಿವಿಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಕರ್ನಾಟಕದಿಂದ ಹೊರಡುವ, ಇಲ್ಲಿಗೆ ಬರುವ ಪ್ರತಿ ಹಾರಾಟದಲ್ಲೂ ಸುರಕ್ಷತೆಯ ಘೋಷಣೆ ಕನ್ನಡದಲ್ಲಿ, ರೆಕಾರ್ಡ್ ಮಾಡಿಯಾದರೂ, ಆಗಬೇಕು. ಸೀಟಿನ ಮುಂದಿನ ಕಾರ್ಡಿನಲ್ಲಿ ಕನ್ನಡ ಇರಬೇಕು. ಮಾತು ಹೀಗಿದ್ದರೆ ಸಾಕು: 'ಕೂತಿರುವಷ್ಟು ಹೊತ್ತೂ ಬೆಲ್ಟು ಹಾಕಿಕೊಂಡೇ ಇರಿ. ದೀಪ ಆರಿದರೂ ಬಿಚ್ಚಬೇಡಿ. ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಬಿಗಿಯಿರಿ. ಬಿಚ್ಚಲು ಗುಂಡಿಯಿಲ್ಲ, ಮುಚ್ಚಳ ಎತ್ತಿ.' ಹದಿನೈದು ಸೆಕೆಂಡು ಸಾಲುತ್ತದೆ.

ಕೊನೆಯದು, ಚಕ್ರ ನೆಲ ಮುಟ್ಟಿದ ಮೇಲಿನ ನೂಕುನುಗ್ಗಲು. ವಿಮಾನ ಟ್ಯಾಕ್ಸಿವೇಯಲ್ಲಿ ಓಡುತ್ತಿರುವಾಗಲೇ ಎದ್ದು ಲಗೇಜ್ ಬಿನ್ ತೆರೆಯುವವರನ್ನು ದಿನವೂ ನೋಡುತ್ತೇವೆ. ಎದುರಿಗೆ ಇನ್ನೊಂದು ವಿಮಾನವೋ ಗಾಡಿಯೋ ಬಂದು ಪೈಲಟ್ ಬ್ರೇಕ್ ಒತ್ತಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ತೆರೆದ ಬಿನ್ನಿನ ಏಳು ಕಿಲೋ ಬ್ಯಾಗು ಕೂತವರ ತಲೆಯ ಮೇಲೆ ಬೀಳುತ್ತದೆ. ಟರ್ಕಿಯ ವಿಮಾನಯಾನ ಪ್ರಾಧಿಕಾರ 2025ರಲ್ಲಿ ಹೀಗೆ ಏಳುವವರ ಬಗ್ಗೆ ವರದಿ ಮಾಡಿ ದಂಡ ಹಾಕಿಸುವಂತೆ ಕಂಪನಿಗಳಿಗೆ ಸೂಚಿಸಿತು. ನಮ್ಮಲ್ಲಿ ದಂಡಕ್ಕಿಂತ ಮೊದಲು ಮಾಡಬಹುದಾದದ್ದು ಒಂದಿದೆ. ವಿಮಾನ ನಿಂತ ಮೇಲೆ ಮೆಟ್ಟಿಲು ಬರಲು ಎಷ್ಟು ಹೊತ್ತಾಗುತ್ತದೆ, ಇಳಿಯುವುದು ಯಾವ ಸಾಲಿನಿಂದ ಶುರು ಎಂದು ವಿಮಾನ ನೆಲಕ್ಕೆ ಇಳಿಯುವ ಮುನ್ನವೇ ಸಿಬ್ಬಂದಿ ಹೇಳಲಿ. ಹನ್ನೆರಡನೇ ಸಾಲಿನವರ ಸರದಿಗೆ ಇನ್ನೂ ಆರು ನಿಮಿಷ ಇದೆ ಎಂದು ಗೊತ್ತಿದ್ದರೆ ಅವರು ಬೆಲ್ಟಿನಲ್ಲೇ ಕೂತಿರುತ್ತಾರೆ.

ಈ ಪತ್ರಕ್ಕೆ ಇಲಾಖೆಯ ಉತ್ತರವನ್ನು ಕನ್ನಡದಲ್ಲೇ ನಿರೀಕ್ಷಿಸುತ್ತೇವೆ.

ಇತಿ ವಂದನೆಗಳೊಂದಿಗೆ,
ವಿಮಾನ ಸುರಕ್ಷತೆಯ ವಿಷಯ ಬಲ್ಲ ಕೆಲವು ಕನ್ನಡಿಗರು